ಎಣ್ಣೆ ತೆಗೆಯುವವನ ಮಗಳು

ಪ್ರೀತಿಯಿಂದ ಮಾಡಿದ ವೈನು ಎಂದು ಮೊಂತೆರಾಲ್ದೊ ಗುಡ್ಡದ ಹದಿನಾಲ್ಕು ಮನೆಯವರೂ ತಮ್ಮ ಸೀಸೆಗಳ ಮೇಲೆ ಅಚ್ಚು ಹಾಕಿಸಿದ್ದಾರೆ. ಹದಿನೈದನೆಯವಳು ಫೋಸ್ಕಾ ತಾರ್ಕಿ. ಅವಳು ಹಾಕಿಸಲಿಲ್ಲ. ಸುಳ್ಳು ಹೇಳುವ ಜಾಯಮಾನ ಅವಳದಲ್ಲ. ಮೂವತ್ತಮೂರು ವರ್ಷ ಅವಳು ದ್ರಾಕ್ಷಿ ಹಿಂಡಿದ್ದು ಸೇಡಿಗೆ, ಪೀಪಾಯಿ ತೊಳೆದದ್ದು ಸೇಡಿಗೆ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಬೆರಳು ಸೆಟೆದುಕೊಂಡು ಬಳ್ಳಿ ಸವರಿದ್ದೂ ಸೇಡಿಗೇ. ಸಿಟ್ಟಿನಲ್ಲಿ ಮಾಡಿದ ಅಡುಗೆ ಮೈಗೆ ಹತ್ತುವುದಿಲ್ಲ ಎನ್ನುತ್ತಾರೆ. ವೈನಿನ ವಿಷಯ ಬೇರೆ ಇರಬೇಕು.

ಅವಳ ಸೀಸೆಯ ಮೇಲೆ ಇರುವುದು ಒಂದು ಬೂಟಿನ ಚಿತ್ರ. ಗಂಡಸರ ಬೂಟು, ಒಂಟಿ, ತುದಿ ಸವೆದದ್ದು, ದಾರ ಬಿಚ್ಚಿಕೊಂಡದ್ದು. ಫ್ಲಾರೆನ್ಸಿನಿಂದ ಕಾರಿನಲ್ಲಿ ಬರುವವರು ಅದನ್ನು ನೋಡಿ, "ಓ, ದ್ರಾಕ್ಷಿ ತುಳಿಯೋದನ್ನ ತೋರ್ಸಿದೀರಾ!" ಎಂದು ಮೆಚ್ಚಿಕೊಳ್ಳುತ್ತಾರೆ. ಬೂಟು ಹಾಕಿಕೊಂಡು ದ್ರಾಕ್ಷಿ ತುಳಿಯುವ ದಡ್ಡರು ಜಗತ್ತಿನಲ್ಲಿ ಎಲ್ಲಾದರೂ ಇದ್ದಾರೆಯೇ? ಫೋಸ್ಕಾ ಸೀಸೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾಳೆ. ಅದು ಯಾರ ಬೂಟು, ಅದರ ಮೇಲೆ ಏನು ಬಿತ್ತು, ಸುರಿದವರು ಯಾರು ಎನ್ನುವುದು ಊರಿನವರಿಗೆಲ್ಲ ಗೊತ್ತು. ಸುರಿದವನಿಗಂತೂ ಚೆನ್ನಾಗಿಯೇ ಗೊತ್ತು. ಚಿತ್ರ ಹಾಕಿಸಿದ್ದೇ ಅವನಿಗೋಸ್ಕರ.

ಬೂಟು ಅವಳ ಅಪ್ಪ ದುಯಿಲಿಯೊನದು. ಅವನು ಗುಡ್ಡದ ತುದಿಯ ದೊಡ್ಡಮನೆಯಲ್ಲಿ ನೆಲಮಾಳಿಗೆಯ ಆಳು. ಇಪ್ಪತ್ತೆಂಟು ವರ್ಷ ಅಲ್ಲಿನ ವೈನು ಮಾಡಿದವನು ಅವನೇ, ಕಾದವನೂ ಅವನೇ. ಮಾತು ಕಡಿಮೆ. ಪೀಪಾಯಿಗೆ ಕಿವಿಯಿಟ್ಟು ಒಳಗಿನ ಗುಳುಗುಳು ಕೇಳಿ, "ಇದಕ್ಕಿನ್ನೂ ಕೋಪ ಇಳಿದಿಲ್ಲ" ಎನ್ನುತ್ತಿದ್ದ. ೧೯೮೨ರಲ್ಲಿ ಅವನು ಮಾಡಿದ ಕೆಂಪು ವೈನಿನಿಂದಲೇ ದೊಡ್ಡಮನೆಯ ಹೆಸರು ಊರು ದಾಟಿ ಹೋಯಿತು. ಧಣಿ ರುಜ್ಜೇರೊ ಅಲಮಾಂದಿ ಆಗ ಇಪ್ಪತ್ತೆಂಟರ ಹುಡುಗ. ಫ್ಲಾರೆನ್ಸಿನಲ್ಲಿ ಬೆಳೆದು, ಕಾನೂನು ಓದಿ, ನಾಲ್ಕು ವರ್ಷದ ಹಿಂದೆ ತಂದೆ ಸತ್ತ ಮೇಲೆ ಆಸ್ತಿ ನೋಡಿಕೊಳ್ಳಲು ಬಂದವನು. ಕಾಲೇಜು ಮೆಟ್ಟಿಲು ಹತ್ತಿದವರನ್ನೆಲ್ಲ ನಮ್ಮಲ್ಲಿ ಡಾಕ್ಟ್ರು ಎನ್ನುತ್ತಾರೆ. ಹಾಗಾಗಿ ಅವನೂ ಡಾಕ್ಟ್ರು. ನೆಲಮಾಳಿಗೆಗೆ ಇಳಿದರೆ ಕೋಟಿಗೆ ವಾಸನೆ ಹಿಡಿಯುತ್ತದೆಂದು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ.

ಆ ಕಾಲದಲ್ಲಿ ಮನೆಯ ಊಟದ ವೈನಿಗೆ ಬಿರಡೆ ಹಾಕುವ ರೂಢಿ ಇರಲಿಲ್ಲ. ಹುಲ್ಲು ಸುತ್ತಿದ ಗುಂಡು ಹೊಟ್ಟೆಯ ಸೀಸೆಗೆ ವೈನು ತುಂಬಿ, ಕೊರಳಲ್ಲಿ ಒಂದು ಬೆರಳಷ್ಟು ಆಲಿವ್ ಎಣ್ಣೆ ಬಿಟ್ಟು, ಮೇಲೊಂದು ಕಾಗದದ ಟೋಪಿ ಸುತ್ತಿದರೆ ಮುಗಿಯಿತು. ಎಣ್ಣೆ ಮೇಲೆ ನಿಂತು ಗಾಳಿಯನ್ನು ತಡೆಯುತ್ತದೆ. ಗಾಳಿ ಮುಟ್ಟದ ವೈನು ಕೆಡುವುದಿಲ್ಲ. ಕುಡಿಯುವ ಮೊದಲು ನಾರಿನ ಉಂಡೆಯನ್ನು ಕೊರಳಿಗೆ ಇಳಿಬಿಟ್ಟು ಎಣ್ಣೆ ಹೀರಿಸಬೇಕು, ಉಳಿದ ಹನಿಯನ್ನು ಒಂದೇ ಏಟಿಗೆ ನೆಲಕ್ಕೆ ಜಾಡಿಸಬೇಕು. ನಮ್ಮಲ್ಲಿ ಐದು ವರ್ಷದ ಮಗುವಿಗೂ ಇದು ಗೊತ್ತು.

ದೊಡ್ಡಮನೆಯ ಊಟದ ಹೊತ್ತಿಗೆ ದುಯಿಲಿಯೊ ಎರಡು ಸೀಸೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗುತ್ತಿದ್ದ. ಅಲ್ಲೇ ನಿಂತು ಎಣ್ಣೆ ತೆಗೆದು, ಸೀಸೆಯ ಬಾಯಿ ಒರೆಸಿ, ಅಡುಗೆಯ ಜೆಲಿಂದಾಳ ಕೈಗೆ ಕೊಡುತ್ತಿದ್ದ. ಅವಳು ಒಳಗೆ ಒಯ್ದು ಮೇಜಿನ ಮೇಲಿಡುತ್ತಿದ್ದಳು. ಒಂದು ದಿನ ಅವನು ಮನೆಗೆ ಬಂದು, ಅಪರೂಪಕ್ಕೆ ನಗುತ್ತ, "ಫೋಸ್ಕಾ, ನಮ್ಮ ಡಾಕ್ಟ್ರಿಗೆ ಎಣ್ಣೆ ಇರೋದೇ ಗೊತ್ತಿಲ್ಲ ಕಣೇ! ಸೀಸೆ ಹಂಗೇ ಗಿಡದಲ್ಲಿ ಬಿಡುತ್ತೆ ಅಂದ್ಕೊಂಡಿದಾರೆ," ಎಂದಿದ್ದ. ಮಗಳೂ ನಕ್ಕಿದ್ದಳು. ಆ ಮಾತನ್ನು ಅಪ್ಪ ಮರೆತ. ಮಗಳು ಮರೆಯಲಿಲ್ಲ.

೧೯೮೬ರ ಜೂನಿನಲ್ಲಿ ದುಯಿಲಿಯೊನಿಗೆ ಅಂಡವಾಯುವಿನ ಆಪರೇಷನ್ ಆಯಿತು. ಅವನು ಹದಿನೈದು ದಿನ ಹಾಸಿಗೆ ಹಿಡಿದಿದ್ದಾಗಲೇ ದೊಡ್ಡಮನೆಯಲ್ಲಿ ರುಜ್ಜೇರೊನ ನಿಶ್ಚಿತಾರ್ಥ. ನೂರೈವತ್ತು ಜನ. ನೆಲಮಾಳಿಗೆಯ ಮೂಲೆಯಲ್ಲಿ ಬೆತ್ತದ ಬುಟ್ಟಿ ತೊಡಿಸಿದ ಏಳು ದೊಡ್ಡ ಗಾಜಿನ ಹೂಜಿಗಳಿದ್ದವು. ಅದರಲ್ಲಿದ್ದದ್ದು ಕುಡಿಯುವ ವೈನಲ್ಲ, ತುಂಬುವ ವೈನು. ಪೀಪಾಯಿಯ ಮರ ವೈನನ್ನು ಹೀರುತ್ತಲೇ ಇರುತ್ತದೆ. ವಾರ ವಾರ ಅಷ್ಟಷ್ಟು ಸುರಿದು ಕಂಠದವರೆಗೆ ತುಂಬದಿದ್ದರೆ ಮೇಲೆ ಗಾಳಿ ಸೇರಿಕೊಂಡು, ಬೇಸಿಗೆ ಕಳೆಯುವಷ್ಟರಲ್ಲಿ ಇಡೀ ಪೀಪಾಯಿ ವಿನಿಗರ್ ಆಗುತ್ತದೆ. ರುಜ್ಜೇರೊ ಆ ಏಳು ಹೂಜಿಗಳನ್ನೂ ಎತ್ತಿಸಿ ಅತಿಥಿಗಳಿಗೆ ಬಡಿಸಿದ.

ದುಯಿಲಿಯೊ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಹೋಗಿ ಕೇಳಿಕೊಂಡ: ಪಕ್ಕದವರಿಂದಲಾದರೂ ನಾಲ್ಕು ಹೂಜಿ ತರಿಸಿ, ಪೀಪಾಯಿ ತುಂಬಬೇಕು. "ಇನ್ನೊಬ್ಬರ ವೈನು ನನ್ನ ಪೀಪಾಯಿಗಾ?" ಎಂದು ರುಜ್ಜೇರೊ ಬಾಗಿಲು ಹಾಕಿಕೊಂಡ. ಜುಲೈ ಕಳೆಯಿತು, ಆಗಸ್ಟ್ ಕಾಯಿತು. ಆರು ದೊಡ್ಡ ಪೀಪಾಯಿಗಳೂ ಹುಳಿಯಾದವು.

ನವೆಂಬರ್ ಹನ್ನೊಂದು, ಸಂತ ಮಾರ್ಟಿನ್ನನ ದಿನ. ಊರೆಲ್ಲ ಚೌಕದಲ್ಲಿ ಸೇರಿ ಹೊಸ ವೈನು ತೆರೆದು, ಚೆಸ್ಟ್‌ನಟ್ ಸುಟ್ಟು ತಿನ್ನುವ ದಿನ. ಆ ಮಧ್ಯಾಹ್ನ, ಎಲ್ಲರ ಎದುರಿಗೆ ರುಜ್ಜೇರೊ ಒಂದು ಲೋಟ ಹುಳಿ ವೈನು ಹಿಡಿದುಕೊಂಡು ಬಂದ. ದುಯಿಲಿಯೊನ ಮುಂದೆ ನಿಂತು, "ಆರು ಪೀಪಾಯಿ ಹಾಳು ಮಾಡಿದವನು ಇವನು. ಇವನಿಗೆ ವೈನಿನ ಗಂಧವೂ ಗೊತ್ತಿಲ್ಲ. ತಗೋ, ನಿನ್ನ ವಿನಿಗರ್ ನೀನೇ ಇಟ್ಕೋ," ಎಂದು ಅದನ್ನು ಅವನ ಬೂಟಿನ ಮೇಲೆ ನಿಧಾನವಾಗಿ ಸುರಿದ. ಲೋಟ ಖಾಲಿಯಾಗುವವರೆಗೂ ಸುರಿದ. ದುಯಿಲಿಯೊ ಕಾಲು ಹಿಂದೆಗೆಯಲಿಲ್ಲ. ಇಪ್ಪತ್ನಾಲ್ಕು ವರ್ಷದ ಫೋಸ್ಕಾ ಪಕ್ಕದಲ್ಲೇ ಇದ್ದಳು. ಯಾರೂ ಒಂದು ಮಾತು ಆಡಲಿಲ್ಲ. ಊರಿನ ಅರ್ಧ ಮನೆಗಳು ದೊಡ್ಡಮನೆಗೆ ಸೇರಿದವು. ಮಿಕ್ಕರ್ಧ ಜನರ ಅನ್ನ ಅಲ್ಲಿಂದ ಬರುತ್ತಿತ್ತು.

ಅಂದಿನಿಂದ ಅವನ ಹೆಸರು ವಿನಿಗರ್ ದುಯಿಲಿಯೊ. ನಮ್ಮೂರು ಅಡ್ಡಹೆಸರು ಇಡುವುದರಲ್ಲಿ ಬಲು ಧಾರಾಳಿ, ವಾಪಸ್ಸು ತೆಗೆದುಕೊಳ್ಳುವುದರಲ್ಲಿ ಜಿಪುಣ. ಕೆಲಸ ಹೋಯಿತು, ಮನೆ ಬಿಡಿಸಿದರು. ದುಯಿಲಿಯೊ ಮತ್ತೆ ಕಾಫಿ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎರಡು ಚಳಿಗಾಲ ಗೋಡೆ ನೋಡಿಕೊಂಡು ಕೂತು ಸತ್ತ. ಫೋಸ್ಕಾಳನ್ನು ಮದುವೆಯಾಗಬೇಕಿದ್ದ ಹುಡುಗನ ತಾಯಿ, "ಆ ಹುಳಿ ಮನೆಯ ಹೆಣ್ಣು ನಮಗೆ ಬೇಡಮ್ಮ," ಎಂದು ಹೇಳಿ ಕಳಿಸಿದಳು. ಆ ತಾಯಿ ಈಗಿಲ್ಲ. ಇದ್ದಿದ್ದರೆ ಅವಳಿಗೂ ಒಂದು ಪಾಲು ಕೊಡಬಹುದಿತ್ತು ಎಂದು ಫೋಸ್ಕಾ ಈಗಲೂ ಹಲ್ಲು ಕಡಿಯುತ್ತಾಳೆ.

ಹಾವಿನ ಹಗೆ ಹನ್ನೆರಡು ವರ್ಷ ಇರುತ್ತದಂತೆ. ಹಾಗಾದರೆ ಹಾವು ಅವಸರದ ಪ್ರಾಣಿ. ಫೋಸ್ಕಾಳಿಗೆ ಬೇಕಾಗಿದ್ದದ್ದು ಒಂದೇ: ಅದೇ ರುಜ್ಜೇರೊ, ಅದೇ ಊರಿನವರ ಮುಂದೆ, ತನ್ನ ಬಾಯಾರೆ, ವೈನು ಮಾಡಿದವನು ದುಯಿಲಿಯೊ, ಕೆಡಿಸಿದವನು ನಾನು ಎಂದು ಹೇಳಬೇಕು. ಕೋರ್ಟು, ಕಾಗದ, ಕ್ಷಮಾಪಣೆ ಯಾವುದೂ ಬೇಡ. ಬರೀ ಆ ಎರಡು ಮಾತು.

ತಾಯಿಯ ಕಡೆಯಿಂದ ಬಂದ ಒಂದು ತುಂಡು ಕಲ್ಲುನೆಲ ಇತ್ತು, ಆಡೂ ಮೂಸದ್ದು. ಅದನ್ನು ಅಗೆದು ಬಳ್ಳಿ ಹಾಕಿದಳು. ಬೇರು ನೀರು ಹುಡುಕಿ ಬಂಡೆ ಸೀಳಿಕೊಂಡು ಹೋಯಿತು. ಕಷ್ಟಪಟ್ಟ ಬಳ್ಳಿಯ ಹಣ್ಣು ಸಣ್ಣದಾದರೂ ಗಟ್ಟಿ. ಬೇಗ ಕುಡಿಯುವ ಎಳೆಯ ಕೆಂಪು ವೈನಿಗೆ ಅಪ್ಪನ ಪದ್ಧತಿಯಲ್ಲೇ ಅಷ್ಟು ದ್ರಾಕ್ಷಿಯನ್ನು ಜೊಂಡಿನ ಚಾಪೆಯ ಮೇಲೆ ಒಣಗಿಸಿಟ್ಟು, ನವೆಂಬರಿನಲ್ಲಿ ಹಿಂಡಿ ಸೇರಿಸಿ, ವೈನಿಗೆ ಎರಡನೇ ಸಲ ಹುದುಗು ಏಳಿಸುತ್ತಿದ್ದಳು. ಇನ್ನೊಂದು ಕೆಂಪನ್ನು ಮೂರು ವರ್ಷ ಪೀಪಾಯಿಯಲ್ಲಿ ಕೂರಿಸುತ್ತಿದ್ದಳು. ಪ್ರತಿ ಶನಿವಾರ ಪೀಪಾಯಿಗಳನ್ನು ಕಂಠದವರೆಗೆ ತುಂಬುವ ಕೆಲಸ ಒಂದು ವಾರವೂ ತಪ್ಪಲಿಲ್ಲ. ತಾಯಿಯನ್ನು ಮಣ್ಣು ಮಾಡಿ ಬಂದ ಶನಿವಾರವೂ ಕಪ್ಪು ಬಟ್ಟೆಯಲ್ಲೇ ಏಣಿ ಹತ್ತಿ ತುಂಬಿದಳು. ನೆಲಮಾಳಿಗೆಯ ಬಾಗಿಲ ಹಿಂದೆ, ಮೊಳೆಗೆ, ಅಪ್ಪನ ಬಲಗಾಲಿನ ಬೂಟು ನೇತಾಡುತ್ತಿತ್ತು. ಹೊರಗೆ ಹೋಗುವಾಗ ಒಮ್ಮೆ ಅದನ್ನು ನೋಡುತ್ತಿದ್ದಳು, ಬೇರೆಯವರು ದೇವರ ಪಟ ನೋಡುವಂತೆ.

ಅತ್ತ ದೊಡ್ಡಮನೆಯಲ್ಲಿ ಫ್ಲಾರೆನ್ಸಿನಿಂದ ಸಂಬಳದ ಪಂಡಿತರು ಬಂದರು, ಬಿರಡೆ ಹಾಕಿದ ಸೀಸೆಗಳು ಬಂದವು, ಬಣ್ಣದ ಕೈಪಿಡಿ ಬಂತು. ಕೈಪಿಡಿಯ ಮೊದಲ ಪುಟದಲ್ಲಿ ತೋಳು ಮಡಚಿದ ರುಜ್ಜೇರೊನ ಫೋಟೊ. ಕೆಳಗೆ, "೧೯೮೨ರ ಆ ಕೆಂಪನ್ನು ಹಿರಿಯರ ಪದ್ಧತಿಯಲ್ಲಿ ನನ್ನ ಕೈಯಾರೆ ಮಾಡಿದೆ." ಫೋಸ್ಕಾ ಆ ಪುಟವನ್ನು ಹರಿದು ತಂದು ಬೂಟಿನೊಳಗೆ ತುರುಕಿಟ್ಟಿದ್ದಳು.

೨೦೧೯ರಲ್ಲಿ ಸಂತ ಮಾರ್ಟಿನ್ನನ ದಿನಕ್ಕೆ ಗುಡ್ಡದ ಹದಿನೈದು ಮನೆಗಳ ವೈನಿನ ರುಚಿ ನೋಡಲು ತೊರಿನೊ ಕಡೆಯ ಒತ್ತಾವಿಯಾ ಗ್ರೀವಾ ಬರುತ್ತಾಳೆ ಎಂದು ಗೊತ್ತಾಯಿತು. ವೈನು ರುಚಿ ನೋಡಿ ತೀರ್ಪು ಹೇಳುವುದೇ ಅವಳ ಕಸುಬು. ಅಂಥವರನ್ನು ಸೊಮೆಲಿಯೆ ಎನ್ನುತ್ತಾರೆ. ಕಾಫಿ ಅಂಗಡಿಯ ನೆಲ್ಲೊ ಅವಳಿಗೆ ಬರುವ ಮೊದಲೇ ನಾಲಿಗೆಯಮ್ಮ ಎಂದು ಹೆಸರಿಟ್ಟ. ಅವಳು ಹೊಗಳಿದ ವೈನು ಪತ್ರಿಕೆಯಲ್ಲಿ ಬರುತ್ತದೆ, ಬೈದದ್ದೂ ಬರುತ್ತದೆ.

ಹಿಂದಿನ ದಿನ ನೆಲ್ಲೊ ಫೋಸ್ಕಾಳ ಮನೆಗೆ ಬಂದು ನೋಡಿದರೆ ಅವಳು ಹುಲ್ಲು ಸುತ್ತಿದ ಹಳೇ ಸೀಸೆಯೊಂದಕ್ಕೆ ವೈನು ತುಂಬಿ ಎಣ್ಣೆ ಬಿಡುತ್ತಿದ್ದಳು.

"ಏನೇ ಇದು, ಅಜ್ಜಿ ಕಾಲದ್ದು? ನಾಲಿಗೆಯಮ್ಮಂಗೆ ಇದರಲ್ಲಿ ಕುಡಿಸ್ತೀಯಾ?"

"ಅವ್ಳಿಗಲ್ಲ. ಅವ್ಳಿಗೆ ಬೂಟಿನ ಸೀಸೆ ಆಗ್ಲೇ ಕಳ್ಸಿದೀನಿ. ಇದು ಆಮೇಲೆ ಚೆಸ್ಟ್‌ನಟ್ ಜೊತೆ ಕುಡಿಯಕ್ಕೆ."

"ಯಾರು ಕುಡಿಯಕ್ಕೆ?"

"ನಿಂಗ್ಯಾಕೆ ಅಷ್ಟು ದೂರದ ಯೋಚ್ನೆ? ನಾಳೆ ಬಾಯಿ ಮುಚ್ಕೊಂಡು ಕೂತ್ಕೋ, ಸಾಕು."

ಊರಿನ ಹಳೇ ಆಲಿವ್ ಗಾಣವೇ ಈಗ ಸಭಾಭವನ. ಬೆಳಿಗ್ಗೆ ಹನ್ನೊಂದಕ್ಕೆ ಬೆಂಚುಗಳು ತುಂಬಿದ್ದವು. ಉದ್ದ ಮೇಜಿನ ಮೇಲೆ ಮೂವತ್ತು ಸೀಸೆಗಳು, ಮನೆಗೆ ಎರಡರಂತೆ. ಹೆಸರು ಕಾಣದಂತೆ ಎಲ್ಲಕ್ಕೂ ಬೂದು ಕಾಗದ ಸುತ್ತಿ ಬರೀ ಸಂಖ್ಯೆ ಬರೆದಿದ್ದರು. ಸಭೆಯ ಅಧ್ಯಕ್ಷ ರುಜ್ಜೇರೊನೇ. ಬೇರೆ ಯಾರಾಗಲು ಸಾಧ್ಯ? ಅರವತ್ತೈದಾದರೂ ಬೆನ್ನು ಬಾಗಿಲ್ಲ, ಕಂದು ಬಣ್ಣದ ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಫೋಸ್ಕಾ ಮೂರನೇ ಬೆಂಚಿನಲ್ಲಿ ಕೂತು ಮೊದಲು ನೋಡಿದ್ದೇ ಆ ಬೂಟನ್ನು. ಅವಳ ಕಾಲ ಬಳಿ ಕೈಚೀಲ, ಚೀಲದಲ್ಲಿ ಆ ಸೀಸೆ. ಪಕ್ಕದಲ್ಲಿ ಎಂಬತ್ತೆರಡು ವರ್ಷದ ಜೆಲಿಂದಾ, ದೊಡ್ಡಮನೆಯಲ್ಲಿ ಅರವತ್ತು ವರ್ಷ ಅಡುಗೆ ಮಾಡಿ ಈಗ ಮಗಳ ಮನೆಯಲ್ಲಿರುವವಳು.

ಒತ್ತಾವಿಯಾ ಗ್ರೀವಾ ಕುಳ್ಳಗೆ, ಕನ್ನಡಕ ಹಾಕಿದ, ಶಾಲೆ ಟೀಚರಿನಂಥ ಹೆಂಗಸು. ಮೂಸಿದಳು, ಬಾಯಲ್ಲಿ ಹೊರಳಿಸಿದಳು, ಬಕೆಟ್ಟಿಗೆ ಉಗಿದಳು, ಬರೆದುಕೊಂಡಳು. ಒಳ್ಳೇ ವೈನನ್ನೂ ಉಗಿಯುವುದನ್ನು ನೋಡಿ ಹಿಂದಿನ ಬೆಂಚಿನ ಮುದುಕರು ಸಂಕಟಪಟ್ಟರು. ಒಂದೂವರೆ ಗಂಟೆಯಲ್ಲಿ ಮೂವತ್ತೂ ಮುಗಿದವು. ಎರಡನ್ನು ಮಾತ್ರ ಅವಳು ಉಗಿಯಲಿಲ್ಲ, ನುಂಗಿದಳು. ಎಷ್ಟನೆಯವು ಎಂದು ಫೋಸ್ಕಾ ಲೆಕ್ಕ ಇಟ್ಟಿದ್ದಳು.

ಕೊನೆಗೆ ಅವಳು ಎದ್ದು ನಿಂತು, "ಉಳಿದವುಗಳ ಬಗ್ಗೆ ಆಮೇಲೆ ಹೇಳ್ತೀನಿ. ಮೊದಲು ಒಂಬತ್ತು ಮತ್ತು ಇಪ್ಪತ್ತೆರಡು," ಎಂದಳು. "ಒಂಬತ್ತು ಎಳೇ ವೈನು, ಆದ್ರೆ ದುಡುಕಿಲ್ಲ. ಹುಳಿಚೆರ್ರಿ ಹಣ್ಣು, ಆಮೇಲೆ ಒಣದ್ರಾಕ್ಷಿಯ ಘಮ. ಹಳಬರ ಕೈಕೆಲಸ ಇದು. ಇಪ್ಪತ್ತೆರಡು ಇದ್ಯಲ್ಲ, ಇಂಥದ್ದು ನನಗೆ ವರ್ಷಕ್ಕೊಂದು ಸಿಕ್ರೆ ಹೆಚ್ಚು. ನೇರ, ಗಟ್ಟಿ, ಒಂದು ತೊಟ್ಟೂ ಸಡಿಲ ಇಲ್ಲ. ಪೀಪಾಯಿಯೊಳಗೆ ಒಂದು ಉಸಿರಷ್ಟು ಗಾಳಿ ಹೋಗಕ್ಕೂ ಬಿಟ್ಟಿಲ್ಲ ಇವರು. ಇದನ್ನ ಮಾಡಿದವರು ಯಾರೋ, ಪೀಪಾಯಿ ಪಕ್ಕದಲ್ಲೇ ಹಾಸ್ಕೊಂಡು ಮಲಗ್ತಾರೆ ಅನ್ಸುತ್ತೆ."

ರುಜ್ಜೇರೊ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅರ್ಧ ಎದ್ದ. ಅವಳು ಒಂಬತ್ತರ ಕಾಗದ ಹರಿದಳು. ಬೂಟು. ಇಪ್ಪತ್ತೆರಡರ ಕಾಗದ ಹರಿದಳು. ಅಲ್ಲೂ ಬೂಟು. ಅರ್ಧ ಎದ್ದವನು ಕೂರಲೂ ಆಗದೆ ನಿಲ್ಲಲೂ ಆಗದೆ ಹಾಗೇ ಉಳಿದ. ಹಿಂದಿನ ಬೆಂಚಿನಿಂದ ಯಾರೋ ಶಿಳ್ಳೆ ಹೊಡೆದರು. ಪಕ್ಕದಲ್ಲಿದ್ದ ಜೆಲಿಂದಾ ಫೋಸ್ಕಾಳ ಮೊಣಕೈ ಹಿಡಿದಳು. ಫೋಸ್ಕಾಳಿಗೆ ಸಂತೋಷವೇನೋ ಆಯಿತು. ಆದರೆ ಸಂತೋಷಕ್ಕೆಂದು ಅವಳು ಅಲ್ಲಿಗೆ ಬಂದಿರಲಿಲ್ಲ.

ಬಂದದ್ದು ಇನ್ನೊಂದಕ್ಕೆ, ಅದನ್ನು ರುಜ್ಜೇರೊ ತಾನಾಗಿಯೇ ಕೈಗೆ ತಂದುಕೊಡುತ್ತಾನೆ ಎನ್ನುವುದು ಅವಳಿಗೆ ಗೊತ್ತಿತ್ತು. ಊರಲ್ಲಿ ಒಂದು ಹಸು ಚೆನ್ನಾಗಿ ಹಾಲು ಕೊಟ್ಟರೂ ಅದರ ಅಜ್ಜಿ ನಮ್ಮನೆ ಹುಲ್ಲು ತಿಂದದ್ದು ಎನ್ನುವ ಪೈಕಿ ಅವನು. ಸಾವರಿಸಿಕೊಂಡು ಪೂರ್ತಿ ಎದ್ದು, ನಗುತ್ತ ಮುಂದೆ ಬಂದ.

"ನಮಗೆಲ್ಲ ಹೆಮ್ಮೆಯ ವಿಷಯ," ಎಂದ. "ಫೋಸ್ಕಾ ನಮ್ಮನೆ ಅಂಗಳದಲ್ಲೇ ಬೆಳೆದವಳು. ಈ ವಿದ್ಯೆ ಎಲ್ಲ ನಮ್ಮ ನೆಲಮಾಳಿಗೆಯದೇ. ಪಾಪ, ಅವಳ ತಂದೆಗೆ ಕೈ ಹಿಡಿದು ಕೆಲಸ ಕಲಿಸಿದವನು ನಾನು. ಅವನಿಗೆ ಹತ್ತಲಿಲ್ಲ, ಮಗಳಿಗೆ ಹತ್ತಿದೆ. ಒಟ್ಟಿನಲ್ಲಿ ಇದು ನಮ್ಮ ವೈನೇ ಅನ್ನಬಹುದು."

ಫೋಸ್ಕಾ ಚೀಲ ಎತ್ತಿಕೊಂಡು ಎದ್ದಳು. ಮೇಜಿನವರೆಗೆ ಹನ್ನೆರಡು ಹೆಜ್ಜೆ. ದನಿ ನಡುಗಬಾರದು ಎಂದು ಅವಳು ವಾರದಿಂದ ಪೀಪಾಯಿಗಳ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದಳು.

"ಡಾಕ್ಟ್ರು ಹೇಳಿದ್ದು ಸರಿ," ಎಂದಳು. "ಹಿರಿಯರ ಪದ್ಧತಿ ಡಾಕ್ಟ್ರಿಗೆ ಗೊತ್ತಿರೋವಷ್ಟು ಯಾರಿಗೆ ಗೊತ್ತು? ಅವರ ಕೈಪಿಡಿಲೇ ಅಚ್ಚಾಗಿದೆ. ಇದು ಹಳೇ ಪದ್ಧತಿಲಿ ತುಂಬಿಟ್ಟ ಸೀಸೆ, ಮೇಡಂ, ಇಪ್ಪತ್ತೆರಡರ ಪೀಪಾಯಿದೇ. ನಿಮ್ಮ ಲೋಟಕ್ಕೆ ಡಾಕ್ಟ್ರೇ ತಮ್ಮ ಕೈಯಾರೆ ಬಗ್ಗಿಸ್ಲಿ."

ಬೆಂಚುಗಳಲ್ಲಿದ್ದ ಮುದುಕರೆಲ್ಲ ಕತ್ತು ಚಾಚಿದರು. ನೆಲ್ಲೊ, "ಡಾಕ್ಟ್ರೇ, ಅದರಲ್ಲಿ..." ಎಂದು ಬಾಯಿ ತೆರೆದನೋ ಇಲ್ಲವೋ ಜೆಲಿಂದಾ ತನ್ನ ಊರುಗೋಲನ್ನು ಅವನ ಪಾದದ ಮೇಲೆ ಊರಿದಳು. ಅವನ ಮಾತು ಅಲ್ಲಿಗೇ ನಿಂತಿತು.

ರುಜ್ಜೇರೊ ಸೀಸೆಯನ್ನು ಕೊರಳಲ್ಲಿ ಹಿಡಿದು, ಜನರ ಕಡೆ ತಿರುಗಿ ಎತ್ತಿ ತೋರಿಸಿದ. ಕಾಗದದ ಟೋಪಿ ಕಿತ್ತ. ಮೂಸುವವನಂತೆ ಮೂಗಿನ ಮುಂದೆ ಒಮ್ಮೆ ಆಡಿಸಿ, ಒತ್ತಾವಿಯಾಳ ಲೋಟಕ್ಕೆ ಗಳಗಳ ಬಗ್ಗಿಸಿದ. ಅರ್ಧ ಲೋಟ ತುಂಬಿತು. ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ ಕೆಂಪು ವೈನಿನ ಮೇಲೆ ಹಸಿರುಗಟ್ಟಿದ ಎಣ್ಣೆ ಬಿಲ್ಲೆ ಬಿಲ್ಲೆಯಾಗಿ ತೇಲಿತು. ಅವನು ಲೋಟವನ್ನು ಎರಡೂ ಕೈಯಲ್ಲಿ ಅವಳಿಗೆ ನೀಡಿದ.

ಒತ್ತಾವಿಯಾ ಲೋಟ ನೋಡಿದಳು, ಅವನನ್ನು ನೋಡಿದಳು.

"ಎಣ್ಣೆ ತೆಗೀಲಿಲ್ವಲ್ಲ?"

"ಯಾವ ಎಣ್ಣೆ?" ಎಂದ ರುಜ್ಜೇರೊ.

ಅಷ್ಟೇ ಸಾಕಾಯಿತು. ಮೊದಲು ನಕ್ಕದ್ದು ಮುಂದಿನ ಸಾಲಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಒಂದು ಪುಟ್ಟ ಹುಡುಗಿ. ಆಮೇಲೆ ಗಾಣದ ಮನೆಗೆ ಮನೆಯೇ ನಕ್ಕಿತು. ನಗು ಇಳಿಯುವವರೆಗೆ ಫೋಸ್ಕಾ ಕಾದಳು. ಮೂವತ್ತಮೂರು ವರ್ಷ ಕಾದವಳಿಗೆ ಅದೇನು ದೊಡ್ಡದು.

"ಡಾಕ್ಟ್ರೇ, ಎಂಟು ವರ್ಷ ನಿಮ್ಮ ಊಟದ ಮೇಜಿಗೆ ದಿನಾ ಎರಡು ಸೀಸೆ ಬರ್ತಿತ್ತು. ಒಂದ್ಸಲನಾದ್ರೂ ನಿಮ್ಮ ಲೋಟದಲ್ಲಿ ಎಣ್ಣೆ ತೇಲಿತ್ತಾ?"

ಅವನು ಲೋಟವನ್ನು ಒತ್ತಾವಿಯಾಳ ಮುಂದೆ ಮೇಜಿನ ಮೇಲಿಟ್ಟ.

"ತೇಲ್ಲಿಲ್ಲ. ಯಾರೋ ತೆಗೀತಿದ್ರು. ಯಾರು?"

"ಇದೆಲ್ಲ ಯಾಕೀಗ? ಹಬ್ಬದ ದಿನ..."

"ಅವತ್ತೂ ಹಬ್ಬದ ದಿನಾನೇ."

ಒತ್ತಾವಿಯಾ ಪೆನ್ನು ತೆರೆದಿದ್ದಳು. ಅವಳಿಗೆ ಊರಿನ ಹಳೇ ಕತೆ ಗೊತ್ತಿರಲಿಲ್ಲ, ಆದರೆ ಕೈಪಿಡಿ ಓದಿಕೊಂಡೇ ಬಂದಿದ್ದಳು. "ನಾನೂ ಕೇಳ್ತೀನಿ, ದಯವಿಟ್ಟು ಹೇಳಿ," ಎಂದಳು, ಕಟಕಿ ಇಲ್ಲದ ದನಿಯಲ್ಲಿ. "ಗಾಳಿ ತಡಿಯೋ ಎಣ್ಣೆ ಗೊತ್ತಿಲ್ಲದವರು ಎಂಬತ್ತೆರಡರ ಆ ಕೆಂಪನ್ನ ಮಾಡಿರಕ್ಕೆ ಸಾಧ್ಯ ಇಲ್ಲ. ಅದನ್ನ ನಾನು ಕುಡಿದಿದೀನಿ. ಪತ್ರಿಕೆಗೆ ಯಾರ ಹೆಸರು ಬರೀಲಿ?"

ಆಗ ಜೆಲಿಂದಾ ಊರುಗೋಲು ಊರಿ ಎದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ರುಜ್ಜೇರೊ ಮಗಾ, ಚಿಕ್ಕೋನಿದ್ದಾಗ ನೀನು ರಜಕ್ಕೆ ಬಂದ್ರೆ ನಾನೇ ಗಂಜಿ ಕುಡಿಸಿದೀನಿ. ಆದ್ರೂ ಹೇಳ್ತೀನಿ. ನಿನ್ನ ನಿಶ್ಚಿತಾರ್ಥದ ದಿನ ಏಳು ಹೂಜಿ ಮೇಲಕ್ಕೆ ತರ್ಸಿದ್ದು ನೀನು. ನಾನು ಬೇಡ ಅಂದೆ, ಇದು ದುಯಿಲಿಯೊಂದು, ಪೀಪಾಯಿ ತುಂಬಕ್ಕೆ ಇಟ್ಟಿರೋದು ಅಂದೆ. ನಿನ್ನ ಕೆಲಸ ನೋಡ್ಕೋ ಅಂದೆ ನೀನು. ನಾನು ಬಡಿಸ್ದೆ. ಮೂವತ್ತಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆ, ನಿಮ್ಮನೇಲಿದ್ದೆ ಅಂತ. ಈಗ ನಿಮ್ಮನೇಲಿಲ್ಲ."

"ಜೆಲಿಂದತ್ತೆ!" ಎಂದಳು ಫೋಸ್ಕಾ. ಅವಳಿಗೂ ಇದು ಗೊತ್ತಿರಲಿಲ್ಲ; ಹೂಜಿಯ ವಿಷಯ ಗೊತ್ತಿತ್ತು, ಕಣ್ಣಾರೆ ಕಂಡವರು ಇದ್ದಾರೆ ಎನ್ನುವುದು ಗೊತ್ತಿರಲಿಲ್ಲ. ಒಂದು ಗಳಿಗೆ ಅವಳ ಸಿಟ್ಟು ಆ ಮುದುಕಿಯ ಕಡೆಗೂ ತಿರುಗಿತು. ಅವತ್ತು ಚೌಕದಲ್ಲಿ ಒಂದು ಮಾತು ಆಡಿದ್ದರೆ ಅಪ್ಪ ಇನ್ನಷ್ಟು ವರ್ಷ ಇರುತ್ತಿದ್ದನೇನೋ. ಆದರೆ ಅದಕ್ಕೆ ಇನ್ನೊಂದು ದಿನ ಇದೆ ಎಂದುಕೊಂಡು ಮತ್ತೆ ರುಜ್ಜೇರೊನ ಕಡೆ ತಿರುಗಿದಳು.

ಈಗ ಯಾರೂ ನಗುತ್ತಿರಲಿಲ್ಲ. ಅವತ್ತು ಚೌಕದಲ್ಲಿ ನೆಲ ನೋಡಿಕೊಂಡು ನಿಂತಿದ್ದವರೇ ಇವತ್ತು ಕಣ್ಣು ಕೀಳದೆ ಅವನನ್ನು ನೋಡುತ್ತಿದ್ದರು. ದೊಡ್ಡಮನೆಯ ಅನ್ನ ಉಣ್ಣುವವರು ಈಗ ಊರಲ್ಲಿ ನಾಲ್ಕು ಮನೆಯೂ ಇಲ್ಲ. ಧೈರ್ಯ ಎನ್ನುವುದು ಹೆಚ್ಚಾಗಿ ಹೀಗೇ ಬರುತ್ತದೆ, ತಡವಾಗಿ, ಖರ್ಚಿಲ್ಲದೆ.

"ದುಯಿಲಿಯೊ," ಎಂದ ರುಜ್ಜೇರೊ, ಮೇಜಿಗೆ ಹೇಳುವವನಂತೆ.

"ಹಿಂದಿನ ಬೆಂಚಿಗೆ ಕೇಳ್ಲಿಲ್ಲ."

"ದುಯಿಲಿಯೊ ತಾರ್ಕಿ. ಎಂಬತ್ತೆರಡರ ವೈನು ಅವನು ಮಾಡಿದ್ದು."

"ಎಂಬತ್ತಾರರಲ್ಲಿ ಆರು ಪೀಪಾಯಿ ಕೆಡಿಸಿದ್ದು?"

ಅವನು ಬಾಗಿಲ ಕಡೆ ನೋಡಿದ. ಬಾಗಿಲಿನ ಹತ್ತಿರದ ಬೆಂಚಿನವರು ಜಾಗ ಬಿಡಲಿಲ್ಲ.

"ನಾನು," ಎಂದ.

ಫೋಸ್ಕಾ ಒತ್ತಾವಿಯಾಳ ಮುಂದಿದ್ದ ಲೋಟವನ್ನು ಎತ್ತಿಕೊಂಡಳು. ಮೂವತ್ತಮೂರು ವರ್ಷ ಅವಳು ಮನಸ್ಸಿನಲ್ಲಿ ಅವನ ಬೂಟಿನ ಮೇಲೆ ಸುರಿದದ್ದು ತನ್ನ ಅತ್ಯುತ್ತಮ ವೈನನ್ನು. ಈಗ ಲೋಟ ಕೈಯಲ್ಲಿ ಹಿಡಿದಾಗ ಅದು ಬೇಡವೆನ್ನಿಸಿತು.

"ನನ್ನ ವೈನು ನಿಮ್ಮ ಬೂಟಿಗೆ ಹಾಕೋಷ್ಟು ಅಗ್ಗ ಅಲ್ಲ ಡಾಕ್ಟ್ರೇ," ಎಂದಳು. "ಇದು ಮಾತ್ರ ನೀವು ಕೆಡ್ಸಿದ್ದು. ನಿಮ್ದು ನೀವೇ ಇಟ್ಕೊಳಿ."

ಬಗ್ಗಿ, ಅವಸರವಿಲ್ಲದೆ, ಹೊಳೆಯುವ ಆ ಕಂದು ಬೂಟಿನ ಮೇಲೆ ಸುರಿದಳು. ಎಣ್ಣೆಯೂ ವೈನೂ ದಾರದ ಸಂದಿಯಲ್ಲಿ ಇಳಿದವು. ರುಜ್ಜೇರೊ ಕಾಲು ಹಿಂದಕ್ಕೆ ಎಳೆದುಕೊಂಡ. ಅದನ್ನು ಅವಳು ಗಮನಿಸಿದಳು: ಅಪ್ಪ ಎಳೆದುಕೊಂಡಿರಲಿಲ್ಲ.

ಆಮೇಲೆ ಮೇಜಿನ ಮೇಲಿದ್ದ ಸೀಸೆ ಎತ್ತಿ, ಜೇಬಿನಿಂದ ನಾರಿನ ಉಂಡೆ ತೆಗೆದು ಕೊರಳಿಗೆ ಇಳಿಸಿ ಉಳಿದ ಎಣ್ಣೆ ಹೀರಿಸಿದಳು. ಒಮ್ಮೆ ಜಾಡಿಸಿದಳು. ಬಾಯಿ ಒರೆಸಿ, ಬೇರೆ ಲೋಟಕ್ಕೆ ಬಗ್ಗಿಸಿ ಒತ್ತಾವಿಯಾಳಿಗೆ ಕೊಟ್ಟಳು. ಒಂದು ಚುಕ್ಕೆ ಎಣ್ಣೆ ಇರಲಿಲ್ಲ. ಆ ಹೆಂಗಸು ಅದನ್ನು ಪೂರ್ತಿ ಕುಡಿದಳು, ನಿಂತುಕೊಂಡೇ.

ಸಂಜೆಯಷ್ಟರಲ್ಲಿ ಊರು ರುಜ್ಜೇರೊನಿಗೆ ಎಣ್ಣೆ ಡಾಕ್ಟ್ರು ಎಂದು ಹೆಸರಿಟ್ಟಾಗಿತ್ತು. "ವಿನಿಗರ್ ಆಯ್ತು, ಎಣ್ಣೆ ಬಂತು, ಇನ್ನು ಉಪ್ಪೊಂದಿದ್ರೆ ಹಸಿ ಸೊಪ್ಪಿಗೆ ಹಾಕ್ಕೊಂಡು ತಿನ್ಬೋದು," ಎಂದ ನೆಲ್ಲೊ ಚೆಸ್ಟ್‌ನಟ್ ಸುಲಿಯುತ್ತ. ಫೋಸ್ಕಾ ಒಮ್ಮೆ ನೋಡಿದಳು. ಅವನು ತಕ್ಷಣ, "ವಿನಿಗರ್ ಅನ್ನೋದು ಇನ್ಮೇಲೆ ಇಲ್ಲ ಬಿಡು," ಎಂದು ಬಾಯಿ ಸರಿಮಾಡಿಕೊಂಡ. ಅಂದಿನಿಂದ ದುಯಿಲಿಯೊ ಬರೀ ದುಯಿಲಿಯೊ.

"ಈಗ್ಲಾದ್ರೂ ಆ ಬೂಟು ಬಿಸಾಕೇ," ಎಂದ ನೆಲ್ಲೊ ಇನ್ನೊಂದು ದಿನ. "ಸೇಡು ತೀರ್ತಲ್ಲ."

"ನಂದು ತೀರ್ತು," ಎಂದಳು ಫೋಸ್ಕಾ. "ಗೋಡೆ ನೋಡ್ಕೊಂಡು ಕೂತಿದ್ದವನದ್ದು ನಾನ್ ಹೆಂಗೆ ತೀರ್ಸ್ಲಿ?"

ಬೂಟು ಈಗಲೂ ಮೊಳೆಯಲ್ಲೇ ಇದೆ. ಶನಿವಾರ ಶನಿವಾರ ಪೀಪಾಯಿಗಳು ಕಂಠದವರೆಗೆ ತುಂಬುತ್ತಲೇ ಇವೆ. ಪ್ರತಿ ಸಂತ ಮಾರ್ಟಿನ್ನನ ದಿನ ಬೆಳಿಗ್ಗೆ ದೊಡ್ಡಮನೆಯ ಮೆಟ್ಟಿಲ ಮೇಲೆ ಹುಲ್ಲು ಸುತ್ತಿದ ಒಂದು ಸೀಸೆ ಇರುತ್ತದೆ, 'ದುಯಿಲಿಯೊ ತಾರ್ಕಿಯ ವೈನು' ಎಂದು ಚೀಟಿ ಅಂಟಿಸಿದ್ದು. ಎಣ್ಣೆ ತೆಗೆದಿರುವುದಿಲ್ಲ. ಕೊರಳಿಗೆ ಒಂದು ನಾರಿನ ಉಂಡೆ ಕಟ್ಟಿರುತ್ತದೆ.